ಗಾಳಿಯ ಮೇಲೆ ಗಾಡಿ ಓಡಿಸಿದ ದನದ ಡಾಕ್ಟರ್

ಶಹಾಪುರ, ಸುರಪುರ ಸೀಮೆಯ ಹಿರಿಯರನ್ನು ಕೇಳಿದರೆ ಕಟ್ಟಿಗೆ ಗಾಲಿಯ ಬಂಡಿಯ ಸದ್ದನ್ನು ಇವತ್ತಿಗೂ ನೆನಪಿಸಿಕೊಳ್ಳುತ್ತಾರೆ. ಗಾಲಿಯ ಸುತ್ತ ಕಬ್ಬಿಣದ ಪಟ್ಟಿ, ಕೆಳಗೆ ಕಲ್ಲಿನ ದಾರಿ. ಬಂಡಿ ಊರು ಸೇರುವ ಮೊದಲೇ ಅದರ ಸದ್ದು ಊರು ಸೇರುತ್ತಿತ್ತು. ಕೂತವರ ಸೊಂಟ ನೋವು ಮರುದಿನವೂ ಇರುತ್ತಿತ್ತು. ಆಮೇಲೆ ಟೈರ್ ಬಂಡಿ ಬಂತು. ಅದೇ ಎತ್ತು, ಅದೇ ದಾರಿ, ಹೇರು ಹೆಚ್ಚು, ಸದ್ದು ಕಡಿಮೆ. ಈ ಬದಲಾವಣೆಯ ಮೂಲ ಹುಡುಕಿದರೆ ಸಿಗುವ ಮನುಷ್ಯ ಎಂಜಿನಿಯರ್ ಅಲ್ಲ, ಕಾರ್ಖಾನೆ ಮಾಲೀಕರೂ ಅಲ್ಲ. ಅವರು ದನ, ಕುದುರೆಗಳ ಡಾಕ್ಟರ್. ಹೆಸರು ಜಾನ್ ಬಾಯ್ಡ್ ಡನ್‌ಲಪ್.

ಡನ್‌ಲಪ್ ಹುಟ್ಟಿದ್ದು 1840ರ ಫೆಬ್ರವರಿ 5ರಂದು, ಸ್ಕಾಟ್ಲೆಂಡಿನ ಡ್ರೆಗಾರ್ನ್ ಎಂಬ ಹಳ್ಳಿಯಲ್ಲಿ. ಎಡಿನ್‌ಬರೋದಲ್ಲಿ ಪಶುವೈದ್ಯ ಶಿಕ್ಷಣ ಮುಗಿಸಿದರು. 1867ರಲ್ಲಿ ಐರ್ಲೆಂಡಿಗೆ ಬಂದು ನೆಲೆಸಿದರು. ಮುಂದೆ ಬೆಲ್‌ಫಾಸ್ಟ್ ನಗರದ ಮೇ ಸ್ಟ್ರೀಟಿನಲ್ಲಿ ಅವರು ನಡೆಸಿದ ಪಶು ಚಿಕಿತ್ಸಾಲಯ ಆ ದೇಶದ ದೊಡ್ಡ ಚಿಕಿತ್ಸಾಲಯಗಳಲ್ಲಿ ಒಂದಾಯಿತು. ಮದುವೆಯಾಯಿತು, ಒಬ್ಬ ಮಗಳು, ಒಬ್ಬ ಮಗ. ಇಷ್ಟರಲ್ಲಿ ವಯಸ್ಸು ನಲವತ್ತೇಳು. ಅಲ್ಲಿಯವರೆಗೆ ಅವರ ಬದುಕಿನಲ್ಲಿ ಚರಿತ್ರೆಯ ಪುಸ್ತಕಕ್ಕೆ ಸೇರುವಂಥದ್ದು ಏನೂ ಇರಲಿಲ್ಲ.

ಅವರ ಮಗನಿಗೆ ಮೂರು ಗಾಲಿಯ ಸೈಕಲ್ ಇತ್ತು. ಬೆಲ್‌ಫಾಸ್ಟಿನ ಬೀದಿಗಳಿಗೆ ಕಲ್ಲು ಹಾಸಿದ್ದರು. ಗಟ್ಟಿ ಗಾಲಿಯ ಸೈಕಲ್ ಆ ಕಲ್ಲಿನ ಮೇಲೆ ಕಟಕಟ ಎಂದು ಕುಣಿಯುತ್ತಿತ್ತು, ಹುಡುಗನೂ ಅದರ ಜೊತೆ ಕುಣಿಯುತ್ತಿದ್ದ. ತಂದೆ ಸೈಕಲ್ ಸವಾರರಲ್ಲ. ಆದರೆ ರಬ್ಬರಿನಿಂದ ಸಣ್ಣಪುಟ್ಟ ಸಾಧನ ಮಾಡಿಕೊಂಡ ಅನುಭವವಿತ್ತು. 1887ರ ಅಕ್ಟೋಬರಿನಲ್ಲಿ ಅವರು ತೆಳುವಾದ ರಬ್ಬರ್ ಹಾಳೆಯಿಂದ ಕೊಳವೆ ಮಾಡಿ, ಸುಮಾರು 96 ಸೆಂಟಿಮೀಟರ್ ಅಗಲದ ಮರದ ತಟ್ಟೆಯ ಸುತ್ತ ಕೂರಿಸಿ, ಅದಕ್ಕೆ ಗಾಳಿ ತುಂಬಿದರು. ನಂತರ ಈ ತಟ್ಟೆಯನ್ನೂ ಮಗನ ಸೈಕಲ್ಲಿನ ಒಂದು ಗಾಲಿಯನ್ನೂ ಅಂಗಳದಲ್ಲಿ ಒಟ್ಟಿಗೆ ಉರುಳಿಸಿದರು. ಸೈಕಲ್ ಗಾಲಿ ಸ್ವಲ್ಪ ದೂರ ಹೋಗಿ ಬಿತ್ತು. ಗಾಳಿ ತುಂಬಿದ ತಟ್ಟೆ ಇಡೀ ಅಂಗಳ ದಾಟಿ ಗೇಟಿನ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು. ಪ್ರಯೋಗ ಅಂದರೆ ಇಷ್ಟೇ. ನಮ್ಮ ಫಿಸಿಕ್ಸ್ ಲ್ಯಾಬಿನ ಎಷ್ಟೋ ಪ್ರಯೋಗಗಳಿಗೆ ಇದಕ್ಕಿಂತ ಹೆಚ್ಚು ಸಾಮಾನು ಬೇಕಾಗುತ್ತದೆ.

ಕಾರಣವೂ ಅಷ್ಟೇ ಸರಳ. ಗಟ್ಟಿ ಗಾಲಿಗೆ ಒಂದು ಕಲ್ಲು ಅಡ್ಡ ಬಂದರೆ ಗಾಲಿ, ಗಾಡಿ, ಕೂತವರು ಎಲ್ಲರೂ ಒಟ್ಟಿಗೆ ಮೇಲೆದ್ದು ಕೆಳಗೆ ಬೀಳಬೇಕು. ಓಡುವುದಕ್ಕೆ ಇದ್ದ ಶಕ್ತಿಯಲ್ಲಿ ಒಂದು ಪಾಲು ಹೀಗೆ ಕುಲುಕಾಟಕ್ಕೂ ಸದ್ದಿಗೂ ಖರ್ಚಾಗುತ್ತದೆ. ಗಾಳಿಯ ಟೈರು ಕಲ್ಲನ್ನು ತನ್ನೊಳಗೆ ತೆಗೆದುಕೊಂಡು ದಾಟಿ, ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಮಗನ ಸುಖಕ್ಕಾಗಿ ಮಾಡಿದ ವಸ್ತು ವೇಗವನ್ನೂ ಕೊಟ್ಟಿತು.

1888ರ ಫೆಬ್ರವರಿ 28ರಂದು ಮಗನ ಸೈಕಲ್ಲಿನ ಹಿಂದಿನ ಗಾಲಿಗಳಿಗೆ ಹೊಸ ಟೈರು ಬಂತು. ಅದೇ ವರ್ಷ ಡಿಸೆಂಬರ್ 7ರಂದು ಪೇಟೆಂಟ್ ಸಿಕ್ಕಿತು. ಮರುವರ್ಷ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟಕ್ಕೆ ವಿಲ್ಲಿ ಹ್ಯೂಮ್ ಎಂಬ ಸವಾರ ಈ ದಪ್ಪ ಟೈರಿನ ಸೈಕಲ್ ತಂದಾಗ ನೋಡಿದವರು ನಕ್ಕರು. ಹ್ಯೂಮ್ ಅಂದು ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದರು. ಸೋತವರಲ್ಲಿ ಡಬ್ಲಿನ್ನಿನ ವ್ಯಾಪಾರಿ ಹಾರ್ವಿ ಡು ಕ್ರಾಸ್ ಅವರ ಮಕ್ಕಳೂ ಇದ್ದರು. ಮಕ್ಕಳು ಸೋತ ಮೇಲೆ ಆ ತಂದೆ ಮಾಡಿದ ಕೆಲಸ ಮೆಚ್ಚಬೇಕಾದದ್ದು: ಗೆದ್ದ ಟೈರಿನ ಜಾಡು ಹಿಡಿದು ಹೋಗಿ, ಅದನ್ನು ತಯಾರಿಸುವ ಕಂಪನಿಯನ್ನು 1889ರಲ್ಲೇ ಡಬ್ಲಿನ್ನಿನಲ್ಲಿ ಕಟ್ಟಿದರು. ಡನ್‌ಲಪ್ ತಮ್ಮ ಪೇಟೆಂಟನ್ನು ಆ ಕಂಪನಿಗೆ ಕೊಟ್ಟು, ತಾವೂ ಅದರಲ್ಲಿ ಪಾಲುದಾರರಾದರು.

ಮುಂದೆ ಬಂದದ್ದು ದೊಡ್ಡ ಪೆಟ್ಟು. ಪೇಟೆಂಟ್ ಊರ್ಜಿತವಲ್ಲ ಎಂದು 1890ರಲ್ಲಿ ಗೊತ್ತಾಯಿತು. ಗಾಳಿ ತುಂಬಿದ ಗಾಲಿಗೆ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವರು 1845ರಲ್ಲೇ, ತಮ್ಮ ಇಪ್ಪತ್ಮೂರನೆಯ ವಯಸ್ಸಿನಲ್ಲಿ, ಪೇಟೆಂಟ್ ಪಡೆದಿದ್ದರು. ಲಂಡನ್ನಿನ ಉದ್ಯಾನವೊಂದರಲ್ಲಿ ಕುದುರೆ ಗಾಡಿಗೆ ಆ ಗಾಲಿ ಹಾಕಿ, ಸದ್ದಿಲ್ಲದೆ ಓಡಿಸಿಯೂ ತೋರಿಸಿದ್ದರು. ಆಗ ಸೈಕಲ್ ಇರಲಿಲ್ಲ, ಮೋಟಾರು ಇರಲಿಲ್ಲ, ಒಳ್ಳೆಯ ತೆಳು ರಬ್ಬರೂ ಸುಲಭವಾಗಿ ಸಿಗುತ್ತಿರಲಿಲ್ಲ. ಜಗತ್ತು ಅದನ್ನು ಮರೆಯಿತು. ಥಾಮ್ಸನ್ 1873ರಲ್ಲಿ ತೀರಿಕೊಂಡರು. ಡನ್‌ಲಪ್‌ಗೆ ಈ ಸಂಗತಿ ತಿಳಿದಿರಲಿಲ್ಲ. ಅವರು ಕದ್ದಿರಲಿಲ್ಲ, ಆದರೆ ಮೊದಲಿಗರೂ ಆಗಿರಲಿಲ್ಲ. ಪರೀಕ್ಷೆಯಲ್ಲಿ ಟೈರು ಕಂಡುಹಿಡಿದವರು ಯಾರು ಎಂದು ಕೇಳಿದರೆ ಡನ್‌ಲಪ್ ಎಂದೇ ಬರೆಯಿರಿ, ಅಂಕ ಬರುತ್ತದೆ. ಥಾಮ್ಸನ್ ಹೆಸರೂ ನೆನಪಿರಲಿ.

ಡನ್‌ಲಪ್ ಅವರ ಮೊದಲ ಟೈರುಗಳಿಗೆ ಇನ್ನೊಂದು ತೊಂದರೆ ಇತ್ತು. ಟೈರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಪಂಕ್ಚರ್ ಆದರೆ ಅದನ್ನು ಬಿಡಿಸಿ, ತೇಪೆ ಹಾಕಿ, ಮತ್ತೆ ಅಂಟಿಸಿ ಒಣಗಿಸುವಷ್ಟರಲ್ಲಿ ದಿನವೇ ಮುಗಿಯುತ್ತಿತ್ತು. ಬಿಚ್ಚಿ ಹಾಕಬಹುದಾದ ಟೈರನ್ನು ಫ್ರಾನ್ಸಿನ ಮಿಶೆಲಿನ್ ಸಹೋದರರು 1891ರಲ್ಲಿ ತಂದರು. ಬ್ರಿಟನ್ನಿನಲ್ಲಿ ವೆಲ್ಚ್, ಬಾರ್ಟ್ಲೆಟ್ ಎಂಬವರು ಕಂಡುಹಿಡಿದ ವಿಧಾನಗಳನ್ನು ಡು ಕ್ರಾಸ್ ಕೊಂಡುಕೊಂಡರು, ಕಂಪನಿ ಉಳಿಯಿತು. ನಮ್ಮ ರಸ್ತೆ ಬದಿಯ ಪಂಕ್ಚರ್ ಅಂಗಡಿಯಲ್ಲಿ ಎರಡು ಪಟ್ಟಿ ತೂರಿಸಿ ಹತ್ತು ನಿಮಿಷದಲ್ಲಿ ಟ್ಯೂಬು ಹೊರಗೆಳೆಯುವ ಕೈಚಳಕ ಹುಟ್ಟಿದ್ದು ಈ ಬದಲಾವಣೆಯಿಂದ. ಈ ಕೆಲಸವನ್ನು ಕೀಳಾಗಿ ಕಂಡು ನಗುವವರು ಇದ್ದಾರೆ. ಬಿಸಿಲಲ್ಲಿ ಭೀಮಾ ಸೇತುವೆಯ ಆಚೆ ಗಾಡಿ ಪಂಕ್ಚರ್ ಆಗಿ ಎರಡು ಮೈಲಿ ತಳ್ಳಿದವರು ಮಾತ್ರ ನಗುವುದಿಲ್ಲ.

ಮೋಟಾರ್ ಸೈಕಲ್ಲಿನ ಮಾತಿಗೆ ಬಂದರೆ, ಡನ್‌ಲಪ್ ಅಂಗಳದಲ್ಲಿ ಕಂಡದ್ದನ್ನು ನಾವು ದಿನವೂ ಮರೆಯುತ್ತೇವೆ. ಭಾರ ಹೊರುವುದು ಮುಖ್ಯವಾಗಿ ರಬ್ಬರ್ ಅಲ್ಲ, ಒಳಗಿನ ಗಾಳಿ. ಸ್ಥೂಲವಾಗಿ ಒಂದು ಲೆಕ್ಕ ಹಾಕಿ. 28 ಪಿಎಸ್‌ಐ ಅಂದರೆ ಒಂದು ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ 2 ಕೆಜಿ ಒತ್ತಡ. ಹಿಂದಿನ ಗಾಲಿಯ ಮೇಲೆ 140 ಕೆಜಿ ಬಿದ್ದರೆ ಟೈರು ನೆಲಕ್ಕೆ ತಾಗುವ ಜಾಗ ಸುಮಾರು 70 ಚದರ ಸೆಂಟಿಮೀಟರ್, ಅಂದರೆ ಒಂದು ಅಂಗೈಯಷ್ಟು. ಹವಾ ಅರ್ಧಕ್ಕೆ ಇಳಿದರೆ ಅದೇ ಭಾರಕ್ಕೆ ಎರಡು ಅಂಗೈಯಷ್ಟು ಜಾಗ ಬೇಕು. ಟೈರು ಚಪ್ಪಟೆಯಾಗಿ, ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಬಿಸಿಯಾಗುತ್ತದೆ. ಅಂಚುಗಳು ಬೇಗ ಸವೆಯುತ್ತವೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ತಿರುವಿನಲ್ಲಿ ಗಾಡಿ ಓಲಾಡುತ್ತದೆ. ಹವಾ ಅತಿಯಾದರೆ ನಡುವಿನ ಪಟ್ಟಿ ಮಾತ್ರ ಸವೆದು ಹಿಡಿತ ಕಡಿಮೆಯಾಗುತ್ತದೆ. ಕುಲುಕಾಟವಂತೂ ಹಳೇ ಬಂಡಿಯದೇ.

ಟೈರಿನ ಸದ್ದನ್ನೂ ಕೇಳಿಸಿಕೊಳ್ಳಲು ಕಲಿಯಬೇಕು. ಟೈರಿನ ಹಲ್ಲುಗಳು ನೆಲಕ್ಕೆ ಬಡಿಯುವುದರಿಂದಲೂ, ಗೆರೆಗಳ ನಡುವೆ ಸಿಕ್ಕ ಗಾಳಿ ಹಿಂಡಿ ಹೊರಬರುವುದರಿಂದಲೂ ಸದ್ದು ಹುಟ್ಟುತ್ತದೆ. ಸವೆತ ಏರುಪೇರಾಗಿದ್ದರೆ ಅದು ಗುಂಯ್ ಎನ್ನುವ ಧ್ವನಿಯಾಗುತ್ತದೆ. ಖಾಲಿ ನೇರ ರಸ್ತೆಯಲ್ಲಿ ಕ್ಷಣ ಕಾಲ ಕ್ಲಚ್ ಹಿಡಿದರೆ ಎಂಜಿನ್ ಸದ್ದು ಇಳಿಯುತ್ತದೆ. ಆಗಲೂ ಗುಂಯ್ ಉಳಿದು, ವೇಗ ಇಳಿದಂತೆ ಇಳಿದರೆ ದೋಷ ಟೈರಿನದು ಅಥವಾ ಗಾಲಿಯ ಬೇರಿಂಗಿನದು. ಮೆಕ್ಯಾನಿಕ್ಕಿಗೆ ತೋರಿಸಿ.

ನಮ್ಮ ಜಿಲ್ಲೆಯಲ್ಲಿ ಬೇಸಿಗೆಯ ಬಿಸಿಲು 42 ಡಿಗ್ರಿ ದಾಟುವ ದಿನಗಳಿವೆ. ಓಡಿ ಬಂದ ಬಿಸಿ ಟೈರಿನಲ್ಲಿ ಒತ್ತಡ ಏರಿರುತ್ತದೆ. ಆಗ ಅಳೆದು ಹವಾ ಬಿಟ್ಟರೆ ಟೈರು ತಣಿದ ಮೇಲೆ ಕಡಿಮೆ ಬೀಳುತ್ತದೆ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ವಾರಕ್ಕೊಮ್ಮೆ ನೋಡಿಸುವುದು ಸರಿ. ಸಣ್ಣ ಗಾಡಿಗಳಿಗೆ ಮುಂದೆ 25, ಹಿಂದೆ 28ರ ಆಸುಪಾಸು ಇರುತ್ತದೆ, ಇಬ್ಬರು ಕೂತರೆ ಹಿಂದೆ ಇನ್ನಷ್ಟು. ನಿಮ್ಮ ಗಾಡಿಯ ಅಂಕಿ ಅದರ ಪುಸ್ತಕದಲ್ಲಿದೆ. ಮೂವರಿಗೆ ಎಷ್ಟು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಡನ್‌ಲಪ್ 1895ರಲ್ಲಿ ಕಂಪನಿಯಿಂದ ಹೊರಬಂದು, ತಮ್ಮ ಷೇರುಗಳನ್ನೂ ಮಾರಿದರು. ಮರುವರ್ಷವೇ ಆ ಕಂಪನಿ 30 ಲಕ್ಷ ಪೌಂಡಿಗೆ ಮಾರಾಟವಾಯಿತು, ಕೊಂಡವರು ಅದನ್ನು 50 ಲಕ್ಷಕ್ಕೆ ಮತ್ತೆ ಮಾರಿದರು. ಟೈರಿಗೆ ಹೆಸರು ಕೊಟ್ಟವರ ಪಾಲಿಗೆ ಆ ಹಣದ ರಾಶಿ ಬರಲಿಲ್ಲ. ಅವರು ಡಬ್ಲಿನ್ನಿನಲ್ಲಿ ಬಟ್ಟೆ ವ್ಯಾಪಾರದಲ್ಲಿ ತೊಡಗಿ, 1921ರ ಅಕ್ಟೋಬರ್ 23ರಂದು ಅಲ್ಲಿಯೇ ತೀರಿಕೊಂಡರು. ಟೈರಿನ ಕಥೆಯನ್ನು ಅವರು ಬರೆದಿಟ್ಟಿದ್ದರು. ಮಗಳು ಅದನ್ನು ಕೆಲವು ವರ್ಷಗಳ ನಂತರ ಪುಸ್ತಕವಾಗಿ ತಂದರು. 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಟೈರು ಕಾರ್ಖಾನೆ ಶುರುವಾದಾಗ, ಅದರ ಗೇಟಿನ ಮೇಲೆ ಇದ್ದದ್ದು ಕಂಪನಿ ಬಿಟ್ಟು ನಲವತ್ತು ವರ್ಷವಾಗಿದ್ದ ಆ ದನದ ಡಾಕ್ಟರ ಹೆಸರು.