ಲೆಕ್ಕ ಕೇಳಿದ ದಿನ ಬೊಕ್ಕಸ ತೆರೆದ ಬಸವಣ್ಣ

ಸೆಪ್ಟೆಂಬರ್ ಬಂತೆಂದರೆ ಮಾಣಿಕನಗರ, ಹುಮನಾಬಾದ್, ಬಸವಕಲ್ಯಾಣದ ಕಡೆ ಎಷ್ಟೋ ಮನೆಗಳಿಗೆ ಒಂದು ತೆಳು ಪುಸ್ತಕ ಬರುತ್ತದೆ. ಯಾವುದೋ ಸಹಕಾರ ಸಂಘದ್ದು, ಸಕ್ಕರೆ ಕಾರ್ಖಾನೆಯದ್ದು ಅಥವಾ ಪಟ್ಟಣ ಬ್ಯಾಂಕಿನದ್ದು. ಹೆಸರು ವಾರ್ಷಿಕ ವರದಿ. ಮೊದಲು ಅಧ್ಯಕ್ಷರ ಫೋಟೊ, ಎಷ್ಟೋ ಸಲ ಅದಕ್ಕೂ ಮೇಲೆ ಬಸವಣ್ಣನವರ ಫೋಟೊ. ಒಳಗೆ ಜಮಾ-ಖರ್ಚು, ಲಾಭ-ನಷ್ಟ, ಅಢಾವೆ ಪತ್ರಿಕೆ. ಮನೆಯ ಹಿರಿಯರು ಡಿವಿಡೆಂಡ್ ಎಷ್ಟು ಅಂತ ನೋಡಿ ಪುಸ್ತಕವನ್ನು ಗೂಡಿನಲ್ಲಿ ಇಡ್ತಾರೆ. ಸಭೆಯಲ್ಲಿ ಯಾರಾದರೂ ಹುಡುಗರು ಎದ್ದು, ವಸೂಲಾಗದ ಸಾಲ ಎಷ್ಟು, ಅದು ಯಾರದ್ದು ಅಂತ ಕೇಳಿದರೆ ಮುಗೀತು. ನೀನು ಯಾರ ಪಾರ್ಟಿ, ನಿನ್ನನ್ನು ಎಬ್ಬಿಸಿ ನಿಲ್ಲಿಸಿದವರು ಯಾರು ಅನ್ನೋ ಪ್ರಶ್ನೆ ವಾಪಸ್ ಬರುತ್ತದೆ.

ವಿಚಿತ್ರ ಏನೆಂದರೆ, ಆ ಪುಸ್ತಕದ ಮೊದಲ ಪುಟದಲ್ಲಿರುವ ಬಸವಣ್ಣ ವೃತ್ತಿಯಿಂದ ಲೆಕ್ಕದ ಮನುಷ್ಯ. ನಾವು ಅವರನ್ನು ಕವಿ ಅಂತೀವಿ, ಕ್ರಾಂತಿಕಾರಿ ಅಂತೀವಿ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಅವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಬಸವಕಲ್ಯಾಣದಲ್ಲಿ 108 ಅಡಿಯ ಪ್ರತಿಮೆ ಇದೆ. ಆದರೆ ಹೊಟ್ಟೆಪಾಡಿಗೆ ಅವರು ಮಾಡಿದ್ದು ಕರಣಿಕನ ಕೆಲಸ, ಆಮೇಲೆ ಭಂಡಾರಿಯ ಕೆಲಸ. ಅಂದರೆ ಮೊದಲು ಗುಮಾಸ್ತ, ನಂತರ ಖಜಾನೆಯ ಯಜಮಾನ. ಅವರ ಬದುಕನ್ನು ಈ ಬಾಗಿಲಿನಿಂದ ಹೊಕ್ಕು ನೋಡೋಣ.

ಜನಿವಾರದಿಂದ ಲೆಕ್ಕದ ಮನೆಗೆ

ಬಸವಣ್ಣ ಹುಟ್ಟಿದ್ದು 12ನೇ ಶತಮಾನದಲ್ಲಿ, ಈಗಿನ ವಿಜಯಪುರ ಜಿಲ್ಲೆಯ ಬಾಗೇವಾಡಿಯ ಕಡೆ. ತಂದೆ ಮಾದರಸ, ತಾಯಿ ಮಾದಲಾಂಬೆ. ಅಗ್ರಹಾರದ ಬ್ರಾಹ್ಮಣ ಮನೆತನ. ಉಪನಯನದ ವಿಚಾರಕ್ಕೆ ಮನೆಯವರ ಜೊತೆ ಮುರಿದುಕೊಂಡು ಹೊರಟರು ಎನ್ನುತ್ತವೆ ಪುರಾಣಗಳು. ಹೋಗಿ ಸೇರಿದ್ದು ಕೃಷ್ಣಾ-ಮಲಪ್ರಭಾ ಕೂಡುವ ಕೂಡಲಸಂಗಮಕ್ಕೆ. ಅಲ್ಲಿ ಓದು, ಗುರುಸೇವೆ, ಸಂಗಮನಾಥನ ಪೂಜೆ. ಇವೆಲ್ಲ ಕಟ್ಟುಕಥೆ ಇರಬಹುದಾ ಅನ್ನುವವರಿಗೆ ಒಂದು ಕಲ್ಲಿನ ಸಾಕ್ಷಿ ಇದೆ. ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನದಲ್ಲಿ ಬಸವಣ್ಣನವರ ಹೆಸರೂ ಮನೆತನದ ಪ್ರಸ್ತಾಪವೂ ಸಿಗುತ್ತದೆ. ಉಳಿದ ಬಹುಪಾಲು ವಿವರಕ್ಕೆ ನಾವು ನೆಚ್ಚಬೇಕಾದದ್ದು ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಪುರಾಣ, 1369ರಲ್ಲಿ ಭೀಮಕವಿ ಬರೆದ ಕನ್ನಡ ಬಸವಪುರಾಣಗಳನ್ನು.

ಸಂಗಮದಿಂದ ಅವರು ಹೋದದ್ದು ಮಂಗಳವೇಢೆಗೆ. ಅದು ಈಗ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿದೆ. ಆಗ ಅಲ್ಲಿ ಕಳಚೂರಿ ಬಿಜ್ಜಳ ಚಾಲುಕ್ಯರ ಮಾಂಡಲಿಕನಾಗಿ ಆಳುತ್ತಿದ್ದ. ಹರಿಹರ ಹೇಳುವ ಪ್ರಸಂಗ ಚೆನ್ನಾಗಿದೆ. ಕರಣಿಕರೆಲ್ಲ ಕೂತು ಲೆಕ್ಕ ಹಾಕುತ್ತಿರುವ ಜಾಗಕ್ಕೆ ಈ ಅಪರಿಚಿತ ಯುವಕ ಬರುತ್ತಾನೆ. ಅವರ ಲೆಕ್ಕದಲ್ಲಿ ತಪ್ಪು ಕಾಣುತ್ತದೆ. ಸುಮ್ಮನೆ ಇರದೆ ತೋರಿಸಿಕೊಡುತ್ತಾನೆ. ಅಲ್ಲಿನ ಅಧಿಕಾರಿ ಸಿದ್ಧ ದಂಡಾಧಿಪ ಸಿಟ್ಟಾಗುವುದಿಲ್ಲ, ಅದೇ ಕಚೇರಿಯಲ್ಲಿ ಕೆಲಸ ಕೊಡುತ್ತಾನೆ.

ತಪ್ಪು ತೋರಿಸಿದವನಿಗೆ ಕೆಲಸ ಕೊಟ್ಟ ಕಚೇರಿ! ಇವತ್ತು ಇಂಥ ಕಚೇರಿ ಎಲ್ಲಿದೆ ಅಂತ ನೀವೇ ಯೋಚನೆ ಮಾಡಿ.

ಮುಂದೆ ಭಂಡಾರಿಯ ಹುದ್ದೆ ಖಾಲಿಯಾದಾಗ ಅದು ಬಸವಣ್ಣನವರಿಗೆ ಬಂತು. ಕೆಲವು ಪುರಾಣಗಳಲ್ಲಿ ಆ ಜಾಗದಲ್ಲಿ ಇದ್ದವನು ಅವರ ಸೋದರಮಾವ ಬಲದೇವ. ಅವನ ಮಗಳು ಗಂಗಾಂಬಿಕೆಯನ್ನೇ ಅವರು ಮದುವೆಯಾದದ್ದು. ಅಷ್ಟರಲ್ಲಿ ಬಿಜ್ಜಳ ದುರ್ಬಲವಾಗಿದ್ದ ಚಾಲುಕ್ಯರನ್ನು ಪಕ್ಕಕ್ಕೆ ಸರಿಸಿ ಕಲ್ಯಾಣವನ್ನು ಹಿಡಿದ. 1162ರ ಹೊತ್ತಿಗೆ ತಾನೇ ಅರಸ ಎಂದು ಸಾರಿಕೊಂಡ. ಅವನ ಜೊತೆ ಬೊಕ್ಕಸವೂ, ಬೊಕ್ಕಸದ ಜೊತೆ ಬಸವಣ್ಣನೂ ಕಲ್ಯಾಣಕ್ಕೆ ಬಂದರು.

ಎರಡು ಮನೆ, ಎರಡು ಲೆಕ್ಕ

ಕಲ್ಯಾಣದಲ್ಲಿ ಬಸವಣ್ಣನವರದ್ದು ಎರಡು ಬದುಕು. ಹಗಲು ಅರಮನೆಯ ಭಂಡಾರ. ಹುಟ್ಟಿನಿಂದ ಅರಸನಲ್ಲದ, ಕತ್ತಿಯಿಂದ ಪಟ್ಟಕ್ಕೆ ಬಂದ ರಾಜನ ಹಣ. ಇನ್ನೊಂದು ಕಡೆ ಮಹಾಮನೆ. ಅಲ್ಲಿ ದಿನಾ ದಾಸೋಹ. ಸಮಗಾರರು, ಮಡಿವಾಳರು, ಅಂಬಿಗರು, ಹಗ್ಗ ಹೊಸೆಯುವವರು, ಸೌದೆ ಮಾರುವವರು, ಜಂಗಮರು ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದರು. ಅನುಭವ ಮಂಟಪದಲ್ಲಿ ಅಲ್ಲಮಪ್ರಭುವಿನ ಮುಂದೆ ಇದೇ ಜನ ಕೂತು ಮಾತಾಡುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು.

ಈ ಗುಂಪಿನಲ್ಲಿ ಲೆಕ್ಕದ ಜನ ಎಷ್ಟಿದ್ದರು ನೋಡಿ. ಬೊಕ್ಕಸದ ಚಿಕ್ಕಣ್ಣ ಅಂತ ಒಬ್ಬ ವಚನಕಾರ. ಸುಂಕದ ಬಂಕಣ್ಣ ಇನ್ನೊಬ್ಬ. ಸೊಡ್ಡಳ ಬಾಚರಸ ಬಿಜ್ಜಳನ ಕಣಜದ ದವಸದ ಲೆಕ್ಕ ಬರೆಯುತ್ತಿದ್ದವನು. ಸುಂಕ, ಕಣಜ, ಬೊಕ್ಕಸ, ಅಂದರೆ ಆ ಕಾಲದ ಆಡಳಿತದ ಹಣ ಹರಿಯುವ ಮೂರೂ ಬಾಯಿಗಳಲ್ಲಿ ಶರಣರು ಕೂತಿದ್ದರು. ಕಾಯಕ ಅನ್ನೋ ಮಾತು ಬರೀ ದುಡಿಮೆಯನ್ನು ಹೊಗಳಲು ಹುಟ್ಟಿದ್ದಲ್ಲ. ದುಡಿದು ಬಂದದ್ದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎನ್ನುವ ವಿಚಾರಣೆಯೂ ಅದರ ಒಳಗೇ ಇತ್ತು.

ಆಯ್ದಕ್ಕಿ ಲಕ್ಕಮ್ಮನ ಕಥೆ ಇದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತದೆ. ಅವಳ ಗಂಡ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಅದೇ ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಖುಷಿಪಡಲಿಲ್ಲ. ಇಷ್ಟು ಅಕ್ಕಿ ಹೇಗೆ ಬಂತು ಅಂತ ಗಂಡನನ್ನೇ ಹಿಡಿದು ಕೇಳಿದಳು, ಹೆಚ್ಚಿನದ್ದನ್ನು ತಂದ ಜಾಗಕ್ಕೇ ವಾಪಸ್ ಕಳಿಸಿದಳು. ಆ ಅಕ್ಕಿಯನ್ನು ಹೆಚ್ಚು ಚೆಲ್ಲಿಸಿದ್ದು ಪರೀಕ್ಷೆ ಮಾಡಲು ಬಂದ ಬಸವಣ್ಣನವರೇ ಅನ್ನೋದು ಜನಪ್ರಿಯ ನಂಬಿಕೆ. ಹಾಗಿದ್ದರೆ ಇನ್ನೂ ಒಳ್ಳೆಯದು. ಖಜಾನೆಯ ಯಜಮಾನನನ್ನೇ ಒಬ್ಬ ಬಡ ಹೆಂಗಸು ಆಡಿಟ್ ಮಾಡಿದಳು ಅಂತಾಯ್ತು.

ಅರಸ ಲೆಕ್ಕ ಕೇಳಿದ

ಕಲ್ಯಾಣದ ದೊಡ್ಡವರಿಗೆ ಮಹಾಮನೆಯ ಸಾಲು ಪಂಕ್ತಿ ಹಿಡಿಸಲಿಲ್ಲ. ನೇರವಾಗಿ ಜಾತಿಯ ಮಾತೆತ್ತುವ ಬದಲು ಹಣದ ಮಾತೆತ್ತಿದರು. ಭಂಡಾರಿ ಅರಮನೆಯ ಹೊನ್ನನ್ನು ತನ್ನ ಜಂಗಮರಿಗೆ ಹಂಚುತ್ತಿದ್ದಾನೆ ಎಂದು ಬಿಜ್ಜಳನ ಕಿವಿ ಊದಿದರು. ಇವತ್ತಿನ ಕಂಪನಿ ಭಾಷೆಯಲ್ಲಿ ಹೇಳಬೇಕೆಂದರೆ ಇದು ಸಂಬಂಧಿತರ ಜೊತೆಗಿನ ವಹಿವಾಟಿನ ಆರೋಪ: ಸಂಸ್ಥೆಯ ದುಡ್ಡು, ಅದನ್ನು ನೋಡಿಕೊಳ್ಳುವವನ ಆಪ್ತರ ಕಡೆ ಹೋಗುತ್ತಿದೆ ಎಂದು.

ಆರೋಪ ಹುಟ್ಟಿದ್ದು ಹೊಟ್ಟೆಕಿಚ್ಚಿನಿಂದ. ಆದರೆ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಒಬ್ಬ ಖಜಾಂಚಿಯ ಮನೆಯಲ್ಲಿ ದಿನಾ ಅಷ್ಟು ಜನ ಉಣ್ಣುತ್ತಿದ್ದರೆ, ಖರ್ಚು ಯಾವ ಗಂಟಿನದ್ದು ಅಂತ ಯಾರಾದರೂ ಕೇಳಲೇಬೇಕು.

ಬಿಜ್ಜಳ ಕರೆಸಿ ಲೆಕ್ಕ ಕೇಳಿದ. ಬಸವಣ್ಣ ತಮ್ಮ ಭಕ್ತಿಯನ್ನು ಜಾಮೀನು ಇಡಲಿಲ್ಲ. ಕೇಳಿದವರ ಹೊಟ್ಟೆಕಿಚ್ಚನ್ನು ಎತ್ತಿ ಆಡಿ ಪ್ರಶ್ನೆಯಿಂದ ಜಾರಿಕೊಳ್ಳಲೂ ಇಲ್ಲ. ಬೊಕ್ಕಸ ತೆರೆಸಿದರು. ಎಲ್ಲರ ಮುಂದೆ ಹೊನ್ನು ಎಣಿಸಲಾಯಿತು, ಒಂದೂ ಕಡಿಮೆ ಬರಲಿಲ್ಲ. ಪುರಾಣಗಳು ಇದನ್ನು ಪವಾಡ ಮಾಡಿವೆ, ಶಿವನ ಕೃಪೆಯಿಂದ ಪೆಟ್ಟಿಗೆಗಳು ತುಂಬಿ ತುಳುಕಿದವು ಎನ್ನುತ್ತವೆ. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಪವಾಡದ ಹೊದಿಕೆ ತೆಗೆದರೆ ಒಳಗೆ ಸಿಗುವುದು ಒಂದು ಸರಳ ಘಟನೆ: ಕೇಳಿದರು, ತೆರೆದರು, ಎಣಿಸಿದರು. ಅರಮನೆಯದ್ದು ಅರಮನೆಯಲ್ಲೇ ಇತ್ತು. ದಾಸೋಹ ನಡೆದದ್ದು ತಮ್ಮ ಸಂಬಳದಿಂದ, ಶರಣರ ಕಾಯಕದಿಂದ.

ಇಲ್ಲಿ ಒಂದು ತಕರಾರು ಎತ್ತಬಹುದು. ಈ ಕಥೆ ಹೇಳಿದವರೆಲ್ಲ ಬಸವಣ್ಣನವರ ಭಕ್ತರೇ ಅಲ್ಲವಾ? ಬಿಜ್ಜಳನ ಕಡೆಯ ಲೆಕ್ಕದ ಪುಸ್ತಕ ನಮ್ಮ ಕೈಲಿಲ್ಲವಲ್ಲ? ನಿಜ. ಹೊಗಳುಭಟರು ಬರೆದ ಆಡಿಟ್ ವರದಿಯನ್ನು ಕಣ್ಣು ಮುಚ್ಚಿ ನಂಬಬಾರದು. ಆದರೂ ಆ ಭಕ್ತರು ತಮ್ಮ ಗುರುವಿನ ದೊಡ್ಡತನ ಹೇಳಲು ಯಾವ ದೃಶ್ಯ ಆರಿಸಿಕೊಂಡರು ನೋಡಿ. ಗುರುವನ್ನು ಪ್ರಶ್ನಿಸಿದವನ ತಲೆ ಸಿಡಿಯಿತು ಅಂತ ಬರೆಯಬಹುದಿತ್ತು. ಬರೆದದ್ದು ಗುರು ಲೆಕ್ಕ ಒಪ್ಪಿಸಿದ ಅಂತ. ಲೆಕ್ಕ ಕೊಡುವುದು ಅವಮಾನ ಅಲ್ಲ, ಹಿರಿಮೆ ಎನ್ನುವ ತಿಳಿವಳಿಕೆ ಆ ಸಮುದಾಯಕ್ಕೆ ಇತ್ತು.

ಪುಟ ಇದೆ, ಲೆಕ್ಕ ಎಲ್ಲಿ?

ಕಲ್ಯಾಣದಿಂದ ನಮ್ಮ ಕಾಲಕ್ಕೆ ಬಂದರೆ, ಲೆಕ್ಕ ಒಪ್ಪಿಸುವುದು ಈಗ ಕಾನೂನು. 2013ರ ಕಂಪನಿ ಕಾಯ್ದೆ ಪ್ರಕಾರ ಪ್ರತಿ ವರ್ಷ ಆಸ್ತಿ-ಹೊಣೆ, ಲಾಭ-ನಷ್ಟ, ಆಡಿಟರ್ ವರದಿ ಎಲ್ಲವನ್ನೂ ಷೇರುದಾರರ ಮುಂದೆ ಇಡಬೇಕು. ದೊಡ್ಡ ಕಂಪನಿಗಳ ವರದಿ ನೂರಾರು ಪುಟ. ಆದರೆ ಪುಟ ಹೆಚ್ಚಾದ ಮಾತ್ರಕ್ಕೆ ಬೊಕ್ಕಸ ತೆರೆದಂತಲ್ಲ.

ಹುಮನಾಬಾದಿನಿಂದ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋದರೆ ಸಿಗುವ ಹೈದರಾಬಾದಿನ ಕಂಪನಿ ಸತ್ಯಂ. ಅದರ ವಾರ್ಷಿಕ ವರದಿಗಳು ಅಚ್ಚುಕಟ್ಟಾಗಿದ್ದವು, ಆಡಿಟರ್ ಸಹಿಯೂ ಇತ್ತು. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ತಾನೇ ಒಪ್ಪಿಕೊಂಡ ಮೇಲೆ ಗೊತ್ತಾಯಿತು, ನಗದು ಮತ್ತು ಬ್ಯಾಂಕ್ ಬಾಕಿ ಎಂದು ತೋರಿಸಿದ್ದರಲ್ಲಿ 5,000 ಕೋಟಿ ರೂಪಾಯಿಗೂ ಹೆಚ್ಚು ಇರಲೇ ಇಲ್ಲ. ಪೆಟ್ಟಿಗೆ ತೆರೆದು ಎಣಿಸುವ ಕೆಲಸವನ್ನು ಯಾರೂ ಮಾಡಿರಲಿಲ್ಲ.

ಬ್ಯಾಂಕಿನ ಉದಾಹರಣೆ ಬೇಕಾ? 2015-16ಕ್ಕೆ ಯೆಸ್ ಬ್ಯಾಂಕ್ ತನ್ನ ವಸೂಲಾಗದ ಸಾಲ ಸುಮಾರು 749 ಕೋಟಿ ಎಂದು ತೋರಿಸಿತ್ತು. ರಿಸರ್ವ್ ಬ್ಯಾಂಕ್ ಪರಿಶೀಲಿಸಿದಾಗ ಅದು ಸುಮಾರು 4,926 ಕೋಟಿ. ಇಂಥ ವ್ಯತ್ಯಾಸ ಒಂದು ಮಿತಿ ದಾಟಿದರೆ ವಾರ್ಷಿಕ ವರದಿಯ ಟಿಪ್ಪಣಿಯಲ್ಲೇ ಹೇಳಬೇಕು ಎಂದು ರಿಸರ್ವ್ ಬ್ಯಾಂಕ್ 2017ರ ಏಪ್ರಿಲ್‌ನಲ್ಲಿ ನಿಯಮ ಮಾಡಿದ್ದರಿಂದ ಅದು ಹೊರಬಂತು. ಟಿಪ್ಪಣಿ ಓದಿದವರಿಗೆ ಹೊಗೆ ಕಂಡಿತ್ತು. ಓದದವರಿಗೆ 2020ರ ಮಾರ್ಚ್ 5ರಂದು, ತಮ್ಮ ಖಾತೆಯಿಂದ 50,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ, ಬೆಂಕಿಯೇ ಕಂಡಿತು.

ಕೆಲವೊಮ್ಮೆ ಮುಚ್ಚಿಡಲು ಕಾನೂನೇ ದಾರಿ ಮಾಡಿಕೊಡುತ್ತದೆ. ಯಾವ ಪಕ್ಷಕ್ಕೆ ಎಷ್ಟು ಕೊಟ್ಟೆವು ಎಂದು ಕಂಪನಿಗಳು ತಮ್ಮ ಲೆಕ್ಕದಲ್ಲಿ ಹೇಳಬೇಕಿತ್ತು. 2017ರಲ್ಲಿ ತಿದ್ದುಪಡಿ ತಂದು ಪಕ್ಷದ ಹೆಸರು ಹೇಳಬೇಕಿಲ್ಲ ಎಂದು ಮಾಡಲಾಯಿತು, ಜೊತೆಗೆ ಚುನಾವಣಾ ಬಾಂಡ್ ಬಂತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಬಾಂಡ್ ಯೋಜನೆಯನ್ನೂ ಆ ತಿದ್ದುಪಡಿಯನ್ನೂ ರದ್ದು ಮಾಡಿತು. ವಿವರ ಕೊಡಲು ಸ್ಟೇಟ್ ಬ್ಯಾಂಕ್ ಜೂನ್ 30ರವರೆಗೆ ಸಮಯ ಕೇಳಿತು. ಕೋರ್ಟ್ ಒಪ್ಪಲಿಲ್ಲ. ಮಾರ್ಚ್ 14ಕ್ಕೆ ಚುನಾವಣಾ ಆಯೋಗದ ಜಾಲತಾಣದಲ್ಲಿ ಪಟ್ಟಿ ಇತ್ತು. ತಿಂಗಳುಗಟ್ಟಲೆ ಬೇಕು ಎಂದಿದ್ದ ಲೆಕ್ಕ, ಗದರಿಸಿದ ಮೇಲೆ ಮೂರೇ ದಿನಕ್ಕೆ ಬಂತು.

ಕೊನೆಯ ದಿನಗಳು

ಬೊಕ್ಕಸದ ಆರೋಪದಲ್ಲಿ ಬಸವಣ್ಣ ಗೆದ್ದರು. ಆದರೆ ಅವರ ವಿರೋಧಿಗಳ ನಿಜವಾದ ಸಿಟ್ಟು ಹಣದ ಮೇಲೆ ಇರಲೇ ಇಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಅದು ಬಯಲಿಗೆ ಬಂತು. ಬಿಜ್ಜಳ ಆ ಇಬ್ಬರು ತಂದೆಯರಿಗೂ ಘೋರ ಶಿಕ್ಷೆ ಕೊಟ್ಟು ಕೊಲ್ಲಿಸಿದ ಎನ್ನುತ್ತದೆ ಪರಂಪರೆ. ಬಸವಣ್ಣ ಹುದ್ದೆ ಬಿಟ್ಟು ಕೂಡಲಸಂಗಮಕ್ಕೆ ಮರಳಿದರು. 1167ರ ಆಸುಪಾಸಿನಲ್ಲಿ ಬಿಜ್ಜಳ ಕೊಲೆಯಾದ, ಕಲ್ಯಾಣ ಹತ್ತಿ ಉರಿಯಿತು, ಚೆನ್ನಬಸವಣ್ಣನ ಜೊತೆ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ಕಡೆ ಹೋದರು. ಬಸವಣ್ಣ ಸಂಗಮದಲ್ಲೇ ಐಕ್ಯರಾದರು.

ರಾಜ್ಯದ ಬೊಕ್ಕಸವನ್ನೇ ಕೈಯಲ್ಲಿ ಇಟ್ಟುಕೊಂಡಿದ್ದವರು ತಮಗಾಗಿ ಒಂದು ಗಂಟೂ ಕಟ್ಟಿಕೊಳ್ಳದೆ ಆ ಊರು ಬಿಟ್ಟರು ಎಂದೇ ಈ ಸೀಮೆಯ ಜನ ಎಂಟು ಶತಮಾನಗಳಿಂದ ಹೇಳಿಕೊಂಡು ಬಂದಿದ್ದಾರೆ.

ಈ ಸೀಮೆಗೆ ಇಂಥ ಹಿರಿಯರು ಹೊಸಬರಲ್ಲ. ಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಮಾಣಿಕನಗರದಲ್ಲಿ ನೆಲೆನಿಂತು ಎಲ್ಲ ಮತಗಳೂ ಒಂದೇ ಎಂದರು. ಆ ಮಾತಿಗೂ ನಾವು ಕೈಮುಗಿಯುತ್ತೇವೆ, ಬಸವಣ್ಣನಿಗೂ ಹೂವು ಏರಿಸುತ್ತೇವೆ. ಕೈಮುಗಿಯುವುದು ಸುಲಭ.

ಈ ಸಲ ಸೆಪ್ಟೆಂಬರ್‌ನಲ್ಲಿ ಆ ತೆಳು ಪುಸ್ತಕ ಮನೆಗೆ ಬಂದಾಗ ಗೂಡಿನಿಂದ ಇಳಿಸಿ. ಮೂರು ಕಡೆ ನೋಡಿ. ವಸೂಲಾಗದ ಸಾಲ ಹೋದ ವರ್ಷಕ್ಕಿಂತ ಎಷ್ಟು ಏರಿದೆ? ನಿರ್ದೇಶಕರಿಗೂ ಅವರ ನೆಂಟರಿಗೂ ಕೊಟ್ಟ ಸಾಲ ಎಷ್ಟು? ಆಡಿಟರ್ ಎತ್ತಿದ ಆಕ್ಷೇಪಣೆ ಏನು, ಅದಕ್ಕೆ ಆಡಳಿತ ಮಂಡಳಿ ಕೊಟ್ಟ ಉತ್ತರ ಏನು? ಆಮೇಲೆ ಸಭೆಗೆ ಹೋಗಿ, ಎದ್ದು ನಿಂತು ಕೇಳಿ. ನೀನು ಯಾರ ಕಡೆಯವನು ಅಂತ ವೇದಿಕೆಯಿಂದ ಯಾರಾದರೂ ಗದರಿದರೆ, ಅವರ ತಲೆಯ ಹಿಂದೆ ತೂಗುಹಾಕಿರುವ ಫೋಟೊ ತೋರಿಸಿ. ಲೆಕ್ಕ ಕೇಳಿದ ದಿನ ಆತ ಏನು ಮಾಡಿದರು ಅಂತ ಅವರಿಗೆ ನೆನಪು ಮಾಡಿ.