ಕಂಚು ತಂದ ಪೈಲ್ವಾನ್ ಖಾಶಾಬಾ ಜಾಧವ್

ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಮೊದಲ ವೈಯಕ್ತಿಕ ಪದಕ ತಂದವರು ಯಾರು ಎಂದು ಕೇಳಿದರೆ ಹಲವರು ಲಿಯಾಂಡರ್ ಪೇಸ್ ಎನ್ನುತ್ತಾರೆ. ಪೇಸ್ ಅವರ ಪದಕ 1996ರದು. ಅದಕ್ಕೂ 44 ವರ್ಷ ಮೊದಲು, 1952ರಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಒಬ್ಬ ಕುಸ್ತಿಪಟು ಕಂಚು ಗೆದ್ದಿದ್ದರು. ಅವರೇ ಖಾಶಾಬಾ ದಾದಾಸಾಹೇಬ್ ಜಾಧವ್.

ಅವರು ಹುಟ್ಟಿದ್ದು 1926ರ ಜನವರಿ 15ರಂದು, ಮಹಾರಾಷ್ಟ್ರದ ಸತಾರಾ ಜಿಲ್ಲೆಯಲ್ಲಿ, ಕರಾಡ್ ಪಟ್ಟಣದ ಹತ್ತಿರದ ಗೋಳೇಶ್ವರ ಎಂಬ ಹಳ್ಳಿಯಲ್ಲಿ. ತಂದೆಯೂ ಪೈಲ್ವಾನರು, ಮಗನಿಗೆ ಅವರೇ ಮೊದಲ ಉಸ್ತಾದ್. ಮುಂದೆ ಓದಲು ಸೇರಿದ್ದು ಕೊಲ್ಲಾಪುರದ ರಾಜಾರಾಮ್ ಕಾಲೇಜಿಗೆ. ಕೊಲ್ಲಾಪುರ ಎಂದರೆ ಕುಸ್ತಿಯ ಊರು. ಶಾಹು ಮಹಾರಾಜರು ಅಲ್ಲಿ ಕುಸ್ತಿಗೆಂದೇ ಖಾಸಬಾಗ್ ಮೈದಾನ ಕಟ್ಟಿಸಿದ್ದರು. ನಮ್ಮ ಬೆಳಗಾವಿ ಕಡೆಯ ಪೈಲ್ವಾನರೂ ಅಲ್ಲಿಗೆ ಹೋಗಿ ಕಲಿಯುತ್ತಾರೆ. ನಮ್ಮ ಮನೆಯಲ್ಲಿ ಅಖಾಡಾ ಎನ್ನುವುದನ್ನು ಕನ್ನಡದಲ್ಲಿ ಗರಡಿ ಎನ್ನುತ್ತಾರೆ, ಒಳಗಿನ ಕೆಂಪು ಮಣ್ಣು ಮಾತ್ರ ಒಂದೇ.

ಆ ಮಣ್ಣಿನಲ್ಲಿ ಬೆಳೆದವರು 1948ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಖರ್ಚು ಕೊಟ್ಟವರು ಕೊಲ್ಲಾಪುರದ ಮಹಾರಾಜರು. ಅಲ್ಲಿ ಮಣ್ಣಿಲ್ಲ, ಮ್ಯಾಟ್. ನಿಯಮಗಳೂ ಬೇರೆ. ಆದರೂ ಫ್ಲೈವೇಟ್ ವಿಭಾಗದಲ್ಲಿ ಆರನೆಯ ಸ್ಥಾನ ಪಡೆದರು. ಎತ್ತರ ಕಡಿಮೆ, ಮೈ ಸಣ್ಣದು, ಆದರೆ ಮಿಂಚಿನಂತಹ ವೇಗ ಅವರದು.

1952ರಲ್ಲಿ ಮತ್ತೆ ಅವಕಾಶ ಬಂದಾಗ ಕೈಯಲ್ಲಿ ಹಣವಿರಲಿಲ್ಲ. ನಾನು ಕಾಮರ್ಸ್ ವಿದ್ಯಾರ್ಥಿ, ಹಾಗಾಗಿ ಈ ಕಥೆಯಲ್ಲಿ ನನ್ನ ಕಣ್ಣು ಕುಸ್ತಿಯ ಪಟ್ಟುಗಳಿಗಿಂತ ಈ ಲೆಕ್ಕದ ಮೇಲೆಯೇ ನಿಂತಿತು. ಊರಿನವರು ಕೈಲಾದಷ್ಟು ಚಂದಾ ಎತ್ತಿದರು, ಅದು ಸಾಲಲಿಲ್ಲ. ಆಗ ರಾಜಾರಾಮ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೇಕರ್ ಅವರು ತಮ್ಮ ಸ್ವಂತ ಮನೆಯನ್ನು ಅಡವಿಟ್ಟು 7,000 ರೂಪಾಯಿ ತಂದುಕೊಟ್ಟರು. ಅಡವಿಟ್ಟ ಸಾಲ ತೀರದಿದ್ದರೆ ಮನೆ ಕೈಬಿಡುತ್ತದೆ. ಪದಕ ಬಂದೇ ಬರುತ್ತದೆ ಎಂದು ಯಾರೂ ಹೇಳುವಂತಿರಲಿಲ್ಲ, ಬಂದರೂ ಅದರ ಹಿಂದೆ ದುಡ್ಡು ಬರುತ್ತದೆ ಎನ್ನುವಂತಿರಲಿಲ್ಲ. ಯಾವ ಬ್ಯಾಂಕೂ ಇಂಥ ಸಾಲಕ್ಕೆ ಒಪ್ಪುವುದಿಲ್ಲ. ಒಬ್ಬ ಮೇಷ್ಟ್ರು ಒಪ್ಪಿದರು.

ಹೆಲ್ಸಿಂಕಿಯಲ್ಲಿ ಜಾಧವ್ ಸ್ಪರ್ಧಿಸಿದ್ದು ಬ್ಯಾಂಟಮ್‌ವೇಟ್ ಫ್ರೀಸ್ಟೈಲ್‌ನಲ್ಲಿ, ಅಂದರೆ 57 ಕಿಲೋ ತೂಕದಲ್ಲಿ. ಕೆನಡಾ ಮತ್ತು ಮೆಕ್ಸಿಕೋದ ಕುಸ್ತಿಪಟುಗಳನ್ನು ಸೋಲಿಸಿದರು. ಕೊನೆಯ ಸುತ್ತುಗಳಲ್ಲಿ ಜಪಾನಿನ ಇಶಿಯಿ ಮತ್ತು ಸೋವಿಯತ್ ಒಕ್ಕೂಟದ ರಶೀದ್ ಮಮದ್‌ಬೇಕೋವ್ ಅವರಿಗೆ ಸೋತರು. ಒಂದು ಕುಸ್ತಿ ಮುಗಿದು ದಣಿವಾರುವ ಮೊದಲೇ ಇನ್ನೊಂದಕ್ಕೆ ಕರೆ ಬಂತು. ನಡುವೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂಬ ನಿಯಮವಿತ್ತು, ಆದರೆ ಅದನ್ನು ಕೇಳಿ ಪಡೆಯಲು ಭಾರತದ ಅಧಿಕಾರಿ ಒಬ್ಬರೂ ಹತ್ತಿರವಿರಲಿಲ್ಲ. ಇಶಿಯಿಗೆ ಚಿನ್ನ, ರಶೀದ್‌ಗೆ ಬೆಳ್ಳಿ, ಜಾಧವ್‌ಗೆ ಕಂಚು. ಅದೇ ಕೂಟದಲ್ಲಿ ನಮ್ಮ ಹಾಕಿ ತಂಡ ಚಿನ್ನ ಗೆದ್ದಿತ್ತು. ದೇಶವೆಲ್ಲ ಅದನ್ನೇ ಹೊಗಳುತ್ತಿತ್ತು.

ಊರಿನವರು ಮಾತ್ರ ಮರೆಯಲಿಲ್ಲ. ಕರಾಡ್‌ನಿಂದ ಗೋಳೇಶ್ವರದವರೆಗೆ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆ ನಡೆಯಿತು. ಮೆರವಣಿಗೆ ಮುಗಿದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಕೊಲ್ಲಾಪುರದಲ್ಲಿ ಕುಸ್ತಿ ಪಂದ್ಯಗಳನ್ನು ಏರ್ಪಡಿಸಿ, ತಾವೂ ಸೆಣಸಿ, ಬಂದ ಹಣದಿಂದ ಪ್ರಾಂಶುಪಾಲರ ಮನೆಯನ್ನು ಬಿಡಿಸಿಕೊಟ್ಟರು. ಹೆಲ್ಸಿಂಕಿಯ ಕುಸ್ತಿಗಳಿಗಿಂತ ಈ ಕುಸ್ತಿಗಳೇ ನನಗೆ ದೊಡ್ಡವು ಎನಿಸುತ್ತವೆ.

1955ರಲ್ಲಿ ಪೊಲೀಸ್ ಇಲಾಖೆಗೆ ಸಬ್ ಇನ್‌ಸ್ಪೆಕ್ಟರ್ ಆಗಿ ಸೇರಿ, ಸಹಾಯಕ ಕಮಿಷನರ್ ಆಗಿ ನಿವೃತ್ತರಾದರು. ಪಿಂಚಣಿಗಾಗಿ ಅಲೆಯಬೇಕಾಯಿತು. 1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಸಿಕ್ಕಿದ್ದು ಅದಾದ ಎಷ್ಟೋ ವರ್ಷಗಳ ನಂತರ. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ಕುಸ್ತಿ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟರು. ಖರ್ಡೇಕರ್ ಅವರ 7,000 ರೂಪಾಯಿ ಅಷ್ಟರಲ್ಲಿ ತೀರಿ ಅರ್ಧ ಶತಮಾನವೇ ಕಳೆದಿತ್ತು.