ಮಧ್ಯಾಹ್ನದ ಓದಿನ ತ್ರಿವೇಣಿ

ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಎಚ್‌ಎಎಲ್ ಸಂಸ್ಥೆಯು ಮಿಗ್ ವಿಮಾನಗಳ ಎಲೆಕ್ಟ್ರಾನಿಕ್ ಉಪಕರಣಗಳನ್ನು ತಯಾರಿಸಲೆಂದು 1965ರಲ್ಲಿ ಹೈದರಾಬಾದಿನ ಬಾಲಾನಗರದಲ್ಲಿ ತನ್ನ ಘಟಕವನ್ನು ಸ್ಥಾಪಿಸಿತು. ಇಂಥ ಕಾರ್ಖಾನೆಗಳ ಬೆನ್ನುಹತ್ತಿ ಈ ಬಡಾವಣೆಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳು ಪಾತ್ರೆ ಪಡಗಗಳ ಜೊತೆಗೆ ನಾಲ್ಕಾರು ಕಾದಂಬರಿಗಳನ್ನೂ ಹೊತ್ತು ತಂದವು. ಗಂಡಸರು ಪಾಳಿಗೆ, ಮಕ್ಕಳು ಶಾಲೆಗೆ ಹೋದ ಮೇಲೆ ಮಧ್ಯಾಹ್ನದ ಎರಡು ಗಂಟೆಗಳು ನಮ್ಮ ಗೃಹಿಣಿಯರ ಪಾಲಿಗೆ ಉಳಿಯುತ್ತಿದ್ದವು. ಭಾಷೆ ಇನ್ನೂ ನಾಲಗೆಗೆ ಹತ್ತದ ಊರು, ಎರಡು ಕೋಣೆಯ ಮನೆ, ಹೊರಗೆ ಕಾದ ಬಂಡೆಗಳ ಬಿಸಿಲು. ಅಂಥ ಹೊತ್ತಿನಲ್ಲಿ ಕೈಗೆತ್ತಿಕೊಂಡ ಪುಸ್ತಕದೊಳಗೆ ಮಲೆನಾಡಿನ ಎಸ್ಟೇಟು, ಬಂಗಲೆ, ಕಾರು, ಆಳುಕಾಳು, ಅಪ್ಪನ ಕಣ್ಮಣಿಯಾದ ಒಬ್ಬಳೇ ಮಗಳು! ಪುಸ್ತಕದ ಹೆಸರು 'ಬೆಳ್ಳಿಮೋಡ', ಬರೆದವರು ತ್ರಿವೇಣಿ. ಬಾಲಾನಗರದಲ್ಲಿ ಎಚ್‌ಎಎಲ್ ಕಾಲೂರುವ ಹೊತ್ತಿಗೆ ಅವರು ತೀರಿಕೊಂಡು ಎರಡು ವರ್ಷಗಳಾಗಿದ್ದವು.

ತ್ರಿವೇಣಿಯವರು ಜನಿಸಿದ್ದು 1928ರ ಸೆಪ್ಟೆಂಬರ್ 1ರಂದು. ಭಾಗೀರಥಿ ಎಂಬುದು ಮೊದಲಿಟ್ಟ ಹೆಸರು. ಬಳಿಕ ಅನಸೂಯಾ ಆಯಿತು. ತಂದೆ ಬಿ.ಎಂ. ಕೃಷ್ಣಸ್ವಾಮಿಯವರು. ಕನ್ನಡದ ಕಣ್ವರೆಂದು ಹೆಸರಾದ ಬಿ.ಎಂ. ಶ್ರೀಕಂಠಯ್ಯನವರು ಇವರಿಗೆ ದೊಡ್ಡಪ್ಪ. ಕಾದಂಬರಿಗಾರ್ತಿ ವಾಣಿಯವರೂ ಇದೇ ಬಳಗದವರು; ತಂಗಿ ಆರ್ಯಾಂಬ ಪಟ್ಟಾಭಿಯವರೂ ಮುಂದೆ ಲೇಖಕಿಯಾಗಿ ಪ್ರಸಿದ್ಧರಾದರು. ಅಕ್ಷರಕ್ಕೆ ಬರವಿಲ್ಲದ ಮನೆತನ ಅದು. ಆದರೆ ತ್ರಿವೇಣಿಯವರನ್ನು ಉಳಿದವರಿಂದ ಬೇರೆಯಾಗಿ ನಿಲ್ಲಿಸಿದ್ದು ಮನೆತನವಲ್ಲ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅವರು ಓದಿದ ಮನಶ್ಶಾಸ್ತ್ರ. ಹುಚ್ಚು ಎಂದೊಡನೆ ದೆವ್ವ, ಮಾಟ, ಕರ್ಮಫಲಗಳ ಮಾತೆತ್ತುತ್ತಿದ್ದ ಕಾಲದಲ್ಲಿ, ಅದೂ ಕಾಯಿಲೆಯೇ, ಅದಕ್ಕೂ ಕಾರಣ ಮತ್ತು ಚಿಕಿತ್ಸೆಗಳುಂಟು ಎಂಬುದನ್ನು ಅವರು ಪಾಠವಾಗಿ ಕಲಿತಿದ್ದರು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರನ್ನು ವಿವಾಹವಾಗಿ ಮೈಸೂರಿನಲ್ಲಿ ಸಂಸಾರ ಹೂಡಿದರು.

ಮೊದಲ ಕಾದಂಬರಿ 'ಅಪಸ್ವರ' ಪ್ರಕಟವಾದದ್ದು 1953ರಲ್ಲಿ. ಅಲ್ಲಿಂದ ಹತ್ತೇ ವರ್ಷಗಳಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳು, ಮೂರು ಕಥಾ ಸಂಕಲನಗಳು ಹೊರಬಂದವು. ಇಷ್ಟು ವೇಗದ ಬರವಣಿಗೆಯಲ್ಲಿ ಎಲ್ಲವೂ ಒಂದೇ ತೂಕದ್ದೆಂದು ನಾವು ಹೇಳಲಾರೆವು. ಕೆಲವೆಡೆ ಪಾತ್ರಗಳು ಮನಶ್ಶಾಸ್ತ್ರದ ಪಾಠ ಒಪ್ಪಿಸುವುದುಂಟು. ಕೆಲವು ಕಥೆಗಳ ಗಂಟು ತೀರ ಸುಲಭವಾಗಿ ಬಿಚ್ಚಿಕೊಳ್ಳುವುದೂ ಉಂಟು. ಆದರೆ ವಾಕ್ಯ ಎಲ್ಲಿಯೂ ತೊಡಕದು. ಶಾಲೆಯನ್ನು ನಡುವೆಯೇ ಬಿಟ್ಟ ಹೆಂಗಸೂ ನಿಘಂಟಿನ ಹಂಗಿಲ್ಲದೆ ಓದಿ ಮುಗಿಸಬಹುದಾದ ಗದ್ಯವದು. ಆ ಕಾರಣಕ್ಕೇ ಇರಬೇಕು, ಹೆಂಗಸರು ಹೆಂಗಸರಿಗಾಗಿ ಬರೆದ ಇಂಥ ಪುಸ್ತಕಗಳನ್ನು ಪಂಡಿತ ವರ್ಗ ಅಡುಗೆಮನೆಯ ಸಾಹಿತ್ಯವೆಂದು ಬದಿಗೆ ಸರಿಸಿತು. ಹಾಗೆ ಮೂಗು ಮುರಿದವರಲ್ಲಿಯೂ ಮನೆಯವರು ಮಲಗಿದ ಮೇಲೆ ಅದೇ ಪುಸ್ತಕವನ್ನು ಕದ್ದು ಓದಿದ ಗಂಡಸರಿದ್ದರೆಂಬುದನ್ನು ನಾವು ಬಲ್ಲೆವು.

ಕಷ್ಟ ಮರೆಯಲು ಸಿರಿವಂತರ ಕಥೆ ಓದುವುದು ತಪ್ಪೇ? ಈ ಆಕ್ಷೇಪವನ್ನು ನಮ್ಮ ತಾಯಂದಿರು ಸಾಕಷ್ಟು ಕೇಳಿಸಿಕೊಂಡಿದ್ದಾರೆ. ನೆರೆಮನೆಯ ತೆಲುಗು ಗೃಹಿಣಿಯರದೂ ಇದೇ ಪಾಡು. ಅವರ ಕೈಯಲ್ಲಿ ಯದ್ದನಪೂಡಿ ಸುಲೋಚನಾರಾಣಿಯವರ 'ಸೆಕ್ರೆಟರಿ' ಇರುತ್ತಿತ್ತು. ಅದರ ನಾಯಕ ಸಿರಿವಂತ, ಸ್ಫುರದ್ರೂಪಿ. ನಾಯಕಿ ಸ್ವಾಭಿಮಾನಿಯಾದ ಮಧ್ಯಮ ವರ್ಗದ ಹುಡುಗಿ. ಮನಸ್ತಾಪಗಳೆಲ್ಲ ಕರಗಿ ಇಬ್ಬರೂ ಒಂದಾಗುವುದನ್ನು ಓದಿ ಮುಗಿಸಿದಾಗ ಮನಸ್ಸು ಹಗುರವಾಗುತ್ತಿತ್ತು. ಅದರಲ್ಲಿ ದೋಷವೇನೂ ಇಲ್ಲ. ದಣಿದ ದೇಹಕ್ಕೆ ನಿದ್ದೆ ಬೇಕಾದಂತೆ ದಣಿದ ಮನಸ್ಸಿಗೂ ಒಂದು ಬಂಗಲೆ ಬೇಕಾಗುತ್ತದೆ.

ತ್ರಿವೇಣಿಯವರೂ ಬಂಗಲೆಯ ಬಾಗಿಲನ್ನು ತೆರೆದೇ ಓದುಗರನ್ನು ಒಳಗೆ ಕರೆಯುತ್ತಾರೆ. ಆದರೆ ಒಳಗೆ ಕರೆದ ಮೇಲೆ ನಿದ್ದೆಗೆ ಬಿಡುವುದಿಲ್ಲ. 'ಬೆಳ್ಳಿಮೋಡ'ದ ಇಂದಿರೆ ಸಿರಿವಂತ ಸದಾಶಿವರಾಯರ ಏಕಮಾತ್ರ ಪುತ್ರಿ. ಆಕೆಯನ್ನು ವರಿಸಲಿರುವ ಬಡ ವಿದ್ಯಾವಂತ ಮೋಹನನನ್ನು ರಾಯರು ತಮ್ಮ ಖರ್ಚಿನಲ್ಲಿ ಅಮೆರಿಕೆಗೆ ಕಳುಹಿಸುತ್ತಾರೆ. ಅಷ್ಟರಲ್ಲಿ ರಾಯರಿಗೆ ತಡವಾಗಿ ಗಂಡು ಮಗು ಹುಟ್ಟಿ, ಆಸ್ತಿ ಇಂದಿರೆಯ ಕೈತಪ್ಪುತ್ತದೆ. ಹಿಂದಿರುಗಿದ ಮೋಹನನಿಗೆ ಈಗ ಇಂದಿರೆ ಬೇಡ. ಮುಂದೆ ಅಪಘಾತಕ್ಕೀಡಾದ ಅವನನ್ನು ಇಂದಿರೆಯೇ ಉಪಚರಿಸುತ್ತಾಳೆ. ಅವನ ಮನಸ್ಸು ಕರಗಿ ಮದುವೆಗೆ ಸಿದ್ಧನಾಗುತ್ತಾನೆ. ಸುಖಾಂತ ಇನ್ನೇನು ಬಂತು ಎಂದು ಓದುಗರು ನಿಟ್ಟುಸಿರು ಬಿಡುವ ಘಳಿಗೆಯಲ್ಲಿ ಇಂದಿರೆ ಬೇಡವೆನ್ನುತ್ತಾಳೆ. ಶುಶ್ರೂಷೆ ಮಾಡಿದ್ದು ಮಾನವೀಯತೆಯಿಂದ. ಅದನ್ನು ಪ್ರೇಮವೆಂದು ಭಾವಿಸಿದ್ದು ಅವನ ದೋಷ.

ಮದುವೆಯೊಂದೇ ಹೆಣ್ಣಿನ ಗತಿಯೆಂದು ನಂಬಿದ್ದ ದಿನಗಳವು. ವರದಕ್ಷಿಣೆಯ ಲೆಕ್ಕಾಚಾರವನ್ನು ಕಣ್ಣಾರೆ ಕಂಡಿದ್ದ ಗೃಹಿಣಿಯರಿಗೆ, ತಮ್ಮ ಮನೆಯದೇ ಮಾತು ಎಸ್ಟೇಟಿನ ಬಂಗಲೆಯಲ್ಲಿ ಕೇಳಿಬಂದಿತು. ಮನೆಯ ಚಿಂತೆ ಮರೆಯಲು ಹೊರಟವರನ್ನು ತ್ರಿವೇಣಿಯವರು ಸುತ್ತು ದಾರಿಯಿಂದ ಮತ್ತೆ ಮನೆಗೇ ತಂದು ಬಿಟ್ಟಿದ್ದರು. 'ಹಣ್ಣೆಲೆ ಚಿಗುರಿದಾಗ' ಕಾದಂಬರಿಯಲ್ಲಿಯೂ ಹೀಗೆಯೇ. ಅನುಕೂಲಸ್ಥ ಮನೆಯ ವೈಭವದ ನಡುವೆ ವಿಧವೆಯ ಮರುಮದುವೆಯ ಪ್ರಶ್ನೆ ಎದ್ದು ನಿಲ್ಲುತ್ತದೆ. 'ಶರಪಂಜರ'ದ ಕಾವೇರಿಯ ಕಥೆಯಂತೂ ಇನ್ನೂ ಕಠಿಣ. ಬಾಣಂತನದ ಬಳಿಕ ಬುದ್ಧಿಭ್ರಮಣೆಗೊಳಗಾದ ಆಕೆ ಆಸ್ಪತ್ರೆಯಲ್ಲಿ ಪೂರ್ಣ ಗುಣಮುಖಳಾಗಿ ಬರುತ್ತಾಳೆ, ಆದರೆ ಮನೆಯವರ, ನೆರೆಹೊರೆಯವರ ಕಣ್ಣಿಗೆ ಹುಚ್ಚಿಯಾಗಿಯೇ ಉಳಿಯುತ್ತಾಳೆ. ಬಾಣಂತಿಯರ ಮಾನಸಿಕ ಅಸ್ವಸ್ಥತೆಯ ಬಗ್ಗೆ ಇಂದು ವೈದ್ಯರು ಬಿಡಿಸಿ ಹೇಳುತ್ತಾರೆ. ಅಂದು ನಮ್ಮ ಮನೆಗಳಿಗೆ ಆ ತಿಳಿವಳಿಕೆ ತಲುಪಿದ್ದು ಒಂದು ಕಾದಂಬರಿಯ ಮೂಲಕ.

ಬಾಣಂತನವೇ ತ್ರಿವೇಣಿಯವರ ಬದುಕಿಗೂ ಮುಳುವಾಯಿತು. ಬಹುಕಾಲ ಕಾದು ಪಡೆದ ಹೆಣ್ಣು ಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ, 1963ರ ಜುಲೈ 29ರಂದು ಅವರು ಕೊನೆಯುಸಿರೆಳೆದರು. ಮೂವತ್ತೈದು ವರ್ಷ ತುಂಬಲು ಇನ್ನೂ ಒಂದು ತಿಂಗಳಿತ್ತು. ಅರ್ಧಕ್ಕೆ ನಿಂತಿದ್ದ 'ಅವಳ ಮಗಳು' ಕಾದಂಬರಿಯನ್ನು ಎಂ.ಸಿ. ಪದ್ಮಾ ಅವರು ಪೂರ್ಣಗೊಳಿಸಿದರು.

ಅವರ ಕಾದಂಬರಿಗಳು ತೆರೆಗೆ ಬಂದದ್ದನ್ನು ನೋಡಲು ಅವರಿರಲಿಲ್ಲ. ಪುಟ್ಟಣ್ಣ ಕಣಗಾಲರು 'ಬೆಕ್ಕಿನ ಕಣ್ಣು' ಕಾದಂಬರಿಯನ್ನು 1966ರಲ್ಲಿ ಮಲಯಾಳದಲ್ಲಿ 'ಪೂಚ್ಚಕ್ಕಣ್ಣಿ'ಯಾಗಿಸಿದರು. ಮರುವರ್ಷ 'ಬೆಳ್ಳಿಮೋಡ' ಬಂದಿತು. ಇಂದಿರೆಯಾಗಿ ಕಲ್ಪನಾ ಮನೆಮಾತಾದರು. 1970ರ ದಶಕದ ಆರಂಭದಲ್ಲಿ ಬಂದ 'ಶರಪಂಜರ'ದ ಕಾವೇರಿಯೂ ಅವರೇ. ಆ ಚಿತ್ರವು 1974ರಲ್ಲಿ ವಾಣಿಶ್ರೀ ಅಭಿನಯದ 'ಕೃಷ್ಣವೇಣಿ'ಯಾಗಿ ತೆಲುಗಿಗೆ ಬಂದಿತು. ಬಾಲಾನಗರದ ನಮ್ಮ ತೆಲುಗು ನೆರೆಹೊರೆಯವರು ಕಣ್ಣೊರೆಸಿಕೊಂಡು ನೋಡಿ ಬಂದು ಹೇಳಿದ ಆ ಕಥೆಯನ್ನು ನಮ್ಮ ತಾಯಂದಿರು ಅದಾಗಲೇ ಮಧ್ಯಾಹ್ನಗಳಲ್ಲಿ ಓದಿ ಮುಗಿಸಿದ್ದರು.